ತಾಳುವ ನೋವು, ಹೇಳುವ ನೋವು

ಮಗನೇ, ಮೂಗಿನ ಸೊಟ್ಟ ಮೂಳೆಗೆ ಆಪರೇಷನ್ ಆಗಿ ಇನ್ನೂ ನಾಲ್ಕು ದಿನ. ಅಷ್ಟರಲ್ಲೇ ಅಜ್ಜನ ಅಸ್ಥಿ ಹಿಡಿದು ಕಾಶಿಗೆ ಹೊರಡುತ್ತೇನೆ, ಮಣಿಕರ್ಣಿಕಾ ಘಾಟ್‌ನಲ್ಲೇ ಬಿಡುತ್ತೇನೆ, ನೋವು ತಾಳಿಕೊಳ್ಳುತ್ತೇನೆ ಅಂದೆಯಂತೆ. ತಾಳುವುದು ಒಳ್ಳೆಯ ಗುಣವೇ. ಆದರೆ ಯಾವುದನ್ನು ತಾಳಬೇಕು, ಯಾವುದನ್ನು ಬಾಯಿಬಿಟ್ಟು ಹೇಳಬೇಕು ಎಂಬುದು ತಿಳಿದಿರಬೇಕು. ಇಎನ್‌ಟಿ ವಾರ್ಡಿನಲ್ಲಿ ನರ್ಸಾಗಿದ್ದು ತಲೆ ನರೆದ ದೊಡ್ಡಮ್ಮನ ಮಾತಿಗೆ ಸ್ವಲ್ಪ ಕಿವಿಗೊಡು.

ಹೊರಗೆ ಗಾಯ ಕಾಣುವುದಿಲ್ಲ ಎಂದು ಏನೂ ಆಗಿಲ್ಲ ಅಂದುಕೊಳ್ಳಬೇಡ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗ ಮೆದುಮೂಳೆ, ಹಿಂಭಾಗ ಗಟ್ಟಿಮೂಳೆ. ಅದರ ಮೇಲಿನ ತೆಳುಪೊರೆಯನ್ನು ಒಳಗಿನಿಂದಲೇ ಬಿಡಿಸಿ, ಸೊಟ್ಟಗಿದ್ದುದನ್ನು ನೇರ ಮಾಡಿ, ಪೊರೆಯನ್ನು ಮತ್ತೆ ಕೂರಿಸಿದ್ದಾರೆ. ಬಹಳ ಮಂದಿಗೆ ಇದರಲ್ಲಿ ನೋವಿಗಿಂತ ಕಟ್ಟಿದ ಮೂಗಿನ ಕಾಟವೇ ಹೆಚ್ಚು. ಬಾಯಲ್ಲಿ ಉಸಿರಾಡಿ ಗಂಟಲು ಒಣಗುತ್ತದೆ, ಹಣೆ ಭಾರವಾಗುತ್ತದೆ, ಮೇಲಿನ ಮುಂಹಲ್ಲು ಜೋಮು ಹಿಡಿದಂತಿರುತ್ತದೆ, ಮೊದಲ ದಿನಗಳಲ್ಲಿ ನಸುಗೆಂಪು ನೀರು ಸೋರುತ್ತದೆ. ಇವೆಲ್ಲ ತಾಳುವಂಥವು. ದಿನದಿಂದ ದಿನಕ್ಕೆ ಇಳಿಯಬೇಕು, ಅಷ್ಟೇ.

ತಾಳುವುದೆಂದರೆ ಮಾತ್ರೆ ಬಿಡುವುದಲ್ಲ. ಬರೆದುಕೊಟ್ಟ ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ನುಂಗು, ನೋವು ತಲೆಗೇರಲಿ ಎಂದು ಕಾಯಬೇಡ. ಆಸ್ಪಿರಿನ್, ಐಬುಪ್ರೊಫೇನ್‌ಗಳನ್ನು ನೀನಾಗಿ ತಗೊಳ್ಳಬೇಡ, ರಕ್ತಸ್ರಾವ ಹೆಚ್ಚಿಸಬಹುದು. ಜೋರಾಗಿ ಊದಿ ಸಿಂಬಳ ತೆಗೆಯಬೇಡ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನು. ಡಾಕ್ಟರು ಹೇಳಿದಂತೆ ಉಪ್ಪುನೀರು ಹಾಕಿ ಹಕ್ಕಳೆ ನೆನೆಸು, ಉಗುರು ಹಾಕಿ ಕೀಳಬೇಡ.

ಇನ್ನು ಹೇಳಲೇಬೇಕಾದ ನೋವು. ಇಳಿಯುತ್ತಿದ್ದುದು ಮತ್ತೆ ಏರಿದರೆ, ಎರಡೂ ಹೊಳ್ಳೆ ಬಿಗಿದು ಮೂಗಿನ ತುದಿ ಮುಟ್ಟಲಾಗದಷ್ಟು ನೊಂದರೆ, ಜ್ವರ ಬಂದರೆ, ಆಗಲೇ ಆಸ್ಪತ್ರೆಗೆ ಹೋಗು. ಪೊರೆಯಡಿ ರಕ್ತ ತುಂಬಿಕೊಂಡಿರಬಹುದು. ಮೆದುಮೂಳೆಗೆ ಸ್ವಂತ ರಕ್ತನಾಳಗಳಿಲ್ಲ, ಪೊರೆಯಿಂದಲೇ ಅದರ ಪೋಷಣೆ. ಆ ರಕ್ತ ಪೊರೆಯನ್ನು ದೂರ ತಳ್ಳಿದರೆ ಮೆದುಮೂಳೆ ಕೆಲವೇ ದಿನಗಳಲ್ಲಿ ಸತ್ತು ಮೂಗಿನ ನಡು ಕುಸಿಯಬಹುದು. ನಿಲ್ಲದ ರಕ್ತ, ಒಂದೇ ಸಮ ತೊಟ್ಟಿಕ್ಕುವ ತಿಳಿನೀರು, ಮಂಜಾದ ಕಣ್ಣು, ಬಿಗಿದ ಕತ್ತು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗುವವರೆಗೂ ಕಾಯಬೇಡ.

ನೋವು ಹೇಳಿಕೊಳ್ಳುವುದು ಹೇಡಿತನ ಎಂದು ನಿನಗೆ ಯಾರು ಕಲಿಸಿದರೋ! ನೀನು ಹೊರಟಿರುವ ಕಾಶಿಯಂತೂ ಅದನ್ನು ಕಲಿಸಿದ ಊರಲ್ಲ. ಕಾಶೀರಾಜ ದಿವೋದಾಸ ಧನ್ವಂತರಿಯಿಂದ ಸುಶ್ರುತ ಶಸ್ತ್ರವಿದ್ಯೆ ಕಲಿತ ಎನ್ನುತ್ತದೆ ಪರಂಪರೆ. ಅವನ ಹೆಸರಿನ ಸಂಹಿತೆಯಲ್ಲಿ, ಶಸ್ತ್ರದ ನೋವು ತಿಳಿಯದಿರಲಿ ಎಂದು ರೋಗಿಗೆ ಮೊದಲೇ ಮದ್ಯ ಕುಡಿಸುವ ಮಾತಿದೆ. ಕತ್ತರಿಸಿಹೋದ ಮೂಗಿಗೆ ಕೆನ್ನೆಯ ಮಾಂಸದಿಂದ ಹೊಸ ಮೂಗು ಕಟ್ಟುವಾಗ ಉಸಿರಿಗೆಂದು ಎರಡು ನಳಿಗೆಗಳನ್ನು ಒಳಗಿಡಬೇಕು ಎಂದೂ ಇದೆ. ರೋಗಿ ಹೇಗೂ ತಾಳಿಕೊಳ್ಳುತ್ತಾನೆ ಬಿಡು ಎಂದು ಆ ವೈದ್ಯರು ಕೈಕಟ್ಟಿ ಕೂರಲಿಲ್ಲ.

ಮಣಿಕರ್ಣಿಕೆಯ ವಿಚಾರಕ್ಕೆ ಬರುತ್ತೇನೆ. ಅಲ್ಲಿ ಹಗಲೂ ರಾತ್ರಿಯೂ ಚಿತೆ ಉರಿಯುತ್ತಿರುತ್ತದೆ. ಹೊಗೆ, ಹಾರುವ ಬೂದಿ, ಕಡಿದಾದ ಮೆಟ್ಟಿಲು, ಎಲ್ಲವೂ ಹಸಿಗಾಯಕ್ಕೆ ಹಗೆ. ನಡುಹಗಲು ಅಲ್ಲಿ ಮಿಂದರೆ ಪುಣ್ಯ ಎನ್ನುತ್ತಾರೆ. ಆದರೆ ಮೂಗಿನೊಳಗೆ ಹೊಳೆಯ ನೀರು ಹೊಕ್ಕರೆ ಸೋಂಕು ತಗಲಬಹುದು. ತಡವಾಗುತ್ತದೆಂದು ಅಳುಕಬೇಡ. ಕಾಲುನಡಿಗೆಯಲ್ಲಿ ಕಾಶಿಗೆ ಹೋಗುತ್ತಿದ್ದ ಕಾಲದಲ್ಲಿ ಅಸ್ಥಿ ಗಂಗೆ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು, ಅದರಿಂದ ಯಾರ ಸದ್ಗತಿಯೂ ತಪ್ಪಿತೆಂದು ನಾನು ಕೇಳಿಲ್ಲ. ಯಾವಾಗ ಹೊರಡಬಹುದು ಎಂದು ಪಂಚಾಂಗ ನೋಡುವ ಮೊದಲು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳು. ಆಮೇಲೂ ಚಿತೆಗಳ ಹತ್ತಿರ ನಿಲ್ಲದೆ ದೋಣಿಯಲ್ಲಿ, ಗಾಳಿ ಎತ್ತಣಿಂದ ಬೀಸುತ್ತದೋ ಆ ಕಡೆ ಕುಳಿತು ಅಸ್ಥಿ ಬಿಡು. ಮುಳುಗು ಹಾಕುವ ಬದಲು ತಲೆಗೆ ನೀರು ಪ್ರೋಕ್ಷಿಸಿಕೊ.

ಸದ್ಯಕ್ಕೆ ತಲೆಗೆ ಎರಡು ದಿಂಬು ಕೊಟ್ಟು ಮಲಗು. ನೋವು ಹೇಗಿದೆ ಎಂದು ಅಮ್ಮ ಕೇಳಿದಾಗ “ಏನಿಲ್ಲ” ಎಂದು ಹಾರಿಸಬೇಡ. ಎಲ್ಲಿ, ಎಷ್ಟು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ, ಇದ್ದದ್ದು ಇದ್ದ ಹಾಗೆ ಹೇಳು.