ಬೆಲೆ ಸಮರದ ಲೆಕ್ಕಾಚಾರ: ಮೆಮೊರಿ ಚಿಪ್ ಉದ್ಯಮದ ಪಾಠ

ಪ್ರತಿಸ್ಪರ್ಧಿ ಬೆಲೆ ಇಳಿಸಿದನೆಂಬ ಒಂದೇ ಕಾರಣಕ್ಕೆ ತಾನೂ ಇಳಿಸುವುದು ಸರಿಯೇ? ಪ್ರತಿಯೊಬ್ಬ ವರ್ತಕನನ್ನೂ ಕಾಡುವ ಈ ಪ್ರಶ್ನೆಗೆ ಕಂಪ್ಯೂಟರ್ ಮೆಮೊರಿ ಚಿಪ್ ಉದ್ಯಮದ ಚರಿತ್ರೆಯಲ್ಲಿ ಉತ್ತರವಿದೆ.

ಚಿಪ್ ಕಾರ್ಖಾನೆಯ ಸ್ಥಾಪನೆಗೆ ಸಾವಿರಾರು ಕೋಟಿ ರೂಪಾಯಿ ಬಂಡವಾಳ ಬೇಕು. ಕಾರ್ಖಾನೆ ನಡೆದರೂ ನಿಂತರೂ ಸವಕಳಿ, ಬಡ್ಡಿ ಮೊದಲಾದ ಸ್ಥಿರ ವೆಚ್ಚಗಳು ತಪ್ಪವು. ಆದರೆ ಇನ್ನೊಂದು ಚಿಪ್ ತಯಾರಿಸಲು ತಗಲುವ ಚರ ವೆಚ್ಚ ಅಲ್ಪ. ಆದುದರಿಂದ ಬೇಡಿಕೆ ಕುಸಿದಾಗಲೂ ತಯಾರಕರು ಉತ್ಪಾದನೆ ನಿಲ್ಲಿಸದೆ ಬೆಲೆ ಇಳಿಸುತ್ತ ಹೋಗುತ್ತಾರೆ. ಜಪಾನೀ ಕಂಪನಿಗಳ ಪೈಪೋಟಿಗೆ ಸೋತ ಇಂಟೆಲ್ 1985ರಲ್ಲಿ ಡಿರ್‍ಯಾಮ್ ತಯಾರಿಕೆಯನ್ನೇ ತೊರೆಯಿತು. ಜರ್ಮನಿಯ ಕಿಮೊಂಡಾ 2009ರಲ್ಲಿ, ಜಪಾನಿನ ಎಲ್ಪಿಡಾ 2012ರಲ್ಲಿ ದಿವಾಳಿಯಾದವು. ಇಂದು ಮಾರುಕಟ್ಟೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳ ಕೈಯಲ್ಲಿದೆ. ಬೇಡಿಕೆ ಏರಿದಾಗ ಇವರು ಹೇಳಿದ ಬೆಲೆಯನ್ನೇ ಪುತ್ತೂರಿನ ಕಂಪ್ಯೂಟರ್ ಅಂಗಡಿಯೂ ತೆರಬೇಕು.

ಚಿಪ್ ತಯಾರಕರ ಈ ತಂತ್ರ ಎಲ್ಲ ವ್ಯಾಪಾರಕ್ಕೂ ಒಗ್ಗದು. ಉದಾಹರಣೆಗೆ, ಅಡಿಕೆ ವರ್ತಕನೊಬ್ಬ ರೂ. 94ಕ್ಕೆ ಕೊಂಡುದನ್ನು ರೂ. 100ಕ್ಕೆ ಮಾರುತ್ತಾನೆ ಎಂದಿಟ್ಟುಕೊಳ್ಳೋಣ. ಅವನ ಅಂತರ ರೂ. 6. ರೂ. 2 ಇಳಿಸಿದರೆ ಅಂತರ ರೂ. 4ಕ್ಕೆ ಇಳಿಯುತ್ತದೆ. ಹಿಂದಿನಷ್ಟೇ ಗಳಿಸಲು ಅವನು ಒಂದೂವರೆ ಪಟ್ಟು ಮಾರಬೇಕು. ಅದೇ ರೂ. 100ರ ಕೆಲಸಕ್ಕೆ ರೂ. 40 ಚರ ವೆಚ್ಚವಿರುವ ಮುದ್ರಣಾಲಯ ರೂ. 2 ಇಳಿಸಿದರೆ ಸುಮಾರು ಶೇ. 3.5ರಷ್ಟು ಹೆಚ್ಚುವರಿ ಕೆಲಸ ಸಾಕು. ಒಂದೇ ರಿಯಾಯಿತಿ ಒಬ್ಬನಿಗೆ ಲಾಭ, ಮತ್ತೊಬ್ಬನಿಗೆ ನಾಶ.

ಹಾಗೆಂದು ಪ್ರತಿಸ್ಪರ್ಧಿಗಳು ಒಟ್ಟುಗೂಡಿ ಬೆಲೆ ನಿಗದಿಪಡಿಸುವುದೂ ಪರಿಹಾರವಲ್ಲ. ಡಿರ್‍ಯಾಮ್ ಬೆಲೆಯಲ್ಲಿ ಒಳಒಪ್ಪಂದ ಮಾಡಿಕೊಂಡ ತಪ್ಪಿಗೆ ಸ್ಯಾಮ್‌ಸಂಗ್ 2005ರಲ್ಲಿ ಅಮೆರಿಕದಲ್ಲಿ 30 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು. ನಮ್ಮ ದೇಶದ ಸ್ಪರ್ಧಾ ಕಾಯಿದೆ, 2002ರ 3ನೇ ಕಲಮು ಇಂತಹ ಒಪ್ಪಂದಗಳನ್ನು ನಿಷೇಧಿಸುತ್ತದೆ. ವರ್ತಕರ ಸಂಘಗಳೂ ಇದಕ್ಕೆ ಹೊರತಲ್ಲ.

ಮೂರನೆಯ ದಾರಿಯೊಂದು ನಮ್ಮ ಊರಿನಲ್ಲೇ ಇದೆ. ಕೊಕ್ಕೊ ಬೆಲೆ ಕುಸಿದು ಖರೀದಿದಾರರು ಹಿಂದೆ ಸರಿದಾಗ, 1973ರಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಖರೀದಿಗಿಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಆರಂಭಿಸಿತು. ಕಚ್ಚಾ ಬೀಜದ ಬೆಲೆಯಲ್ಲಷ್ಟೇ ಸೆಣಸದೆ ಅದರ ಮೌಲ್ಯವನ್ನೇ ಹೆಚ್ಚಿಸಿತು.

ಪುತ್ತೂರು, ಸುಳ್ಯ, ಕಡಬದ ವರ್ತಕರೂ ಸಣ್ಣ ಉದ್ಯಮಿಗಳೂ ದರ ಇಳಿಸುವ ಮುನ್ನ ಸ್ಥಿರ ಮತ್ತು ಚರ ವೆಚ್ಚಗಳನ್ನು ಬೇರ್ಪಡಿಸಬೇಕು. ನಷ್ಟ ತುಂಬಲು ಎಷ್ಟು ಹೆಚ್ಚುವರಿ ಮಾರಾಟ ಬೇಕೆಂದು ಲೆಕ್ಕ ಹಾಕಬೇಕು. ರಿಯಾಯಿತಿಗೆ ಕೊನೆಯ ದಿನಾಂಕ ಗೊತ್ತುಪಡಿಸಬೇಕು. ಪ್ರತಿಸ್ಪರ್ಧಿಯ ದರಪಟ್ಟಿಗಿಂತ ಮೊದಲು ತನ್ನ ಲೆಕ್ಕಪುಸ್ತಕವನ್ನು ತೆರೆದು ನೋಡುವ ವರ್ತಕನೇ ಸ್ಪರ್ಧೆಯಲ್ಲಿ ಉಳಿಯಬಲ್ಲನು.