ಟ್ರೈಲರ್ ಎಳೆಯಲು ಹಳೆಯ ಟ್ರ್ಯಾಕ್ಟರ್: ಕೊಳ್ಳುವ ಮುನ್ನ ನೋಡಬೇಕಾದ ಅಂಶಗಳು

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೈ ಬಣ್ಣ ನೋಡಿ ಹಣ ಎಣಿಸುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆದರೆ ಅದೇ ರೈತ ಅದರ ಎಷ್ಟೋ ಪಟ್ಟು ಬೆಲೆಯ ಹಳೆಯ ಟ್ರ್ಯಾಕ್ಟರನ್ನು ಕೊಳ್ಳುವಾಗ ಹೊಸ ಬಣ್ಣ, ಒಂದು ಸಲ ಚಾಲೂ ಮಾಡಿದಾಗಿನ ಸದ್ದು, ದಲ್ಲಾಳಿಯ ಮಾತು ಇಷ್ಟನ್ನೇ ನಂಬಿ ಮುಂಗಡ ಕೊಡುವುದುಂಟು. ಮುಂದೆ ಕಬ್ಬಿನ ಹಂಗಾಮಿನಲ್ಲಿ ಭಾರ ಹೇರಿದ ಟ್ರೈಲರ್ ಕಟ್ಟಿದಾಗ ಮಾತ್ರ ಅದರ ನಿಜವಾದ ಗುಣ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ.

ಉಳುಮೆಗೆ ಸರಿಯಾದ ಟ್ರ್ಯಾಕ್ಟರೆಲ್ಲವೂ ಸಾಗಾಣಿಕೆಗೆ ಸರಿಯಾಗುವುದಿಲ್ಲ. ಉಳುಮೆಯಲ್ಲಿ ಎಂಜಿನ್ ನಿಂತರೆ ನೇಗಿಲೂ ನಿಲ್ಲುತ್ತದೆ. ರಸ್ತೆಯಲ್ಲಿ ಹಾಗಲ್ಲ, ಟ್ರ್ಯಾಕ್ಟರ್ ನಿಲ್ಲಬೇಕೆಂದರೂ ಹಿಂದಿನ ಭಾರ ಅದನ್ನು ಮುಂದಕ್ಕೆ ನೂಕುತ್ತದೆ. ಆದ್ದರಿಂದ ಟ್ರೈಲರ್ ಕೆಲಸಕ್ಕೆ ಟ್ರ್ಯಾಕ್ಟರ್ ಆರಿಸುವಾಗ ಎಳೆಯುವ ಶಕ್ತಿಗಿಂತ ಮೊದಲು ತಡೆಯುವ ಶಕ್ತಿಯನ್ನು ನೋಡಬೇಕು.

ಮೊದಲು ಭಾರದ ಲೆಕ್ಕ

ಟ್ರ್ಯಾಕ್ಟರ್ ಹುಡುಕುವುದಕ್ಕೆ ಮುಂಚೆ ತಾನು ಸಾಗಿಸಬೇಕಾದುದು ಏನು, ಎಷ್ಟು, ಯಾವ ದಾರಿಯಲ್ಲಿ ಎಂಬುದನ್ನು ರೈತನು ಬರೆದಿಟ್ಟುಕೊಳ್ಳಬೇಕು. ಸಮತಟ್ಟಾದ ಡಾಂಬರು ರಸ್ತೆ, ಏರಿಳಿತದ ದಾರಿ, ಕಾಲುವೆಯ ಏರಿ, ಮಳೆಗಾಲದ ಕೆಸರು ಬಂಡಿದಾರಿ ಇವುಗಳ ಬೇಡಿಕೆ ಒಂದೇ ಅಲ್ಲ.

ಉದಾಹರಣೆಗೆ, ಸುಮಾರು 2 ಟನ್ ತೂಗುವ ಒಂದು ಟ್ರ್ಯಾಕ್ಟರಿಗೆ ನಾಲ್ಕು ಚಕ್ರದ ಟ್ರೈಲರ್ ಕಟ್ಟಿದೆ ಎಂದು ಇಟ್ಟುಕೊಳ್ಳಬಹುದು. ಟ್ರೈಲರಿನ ಸ್ವಂತ ತೂಕ 1.5 ಟನ್, ಹೇರಿದ ಕಬ್ಬು 5 ಟನ್, ಒಟ್ಟು 6.5 ಟನ್. ಕೆಸರು ದಾರಿಯಲ್ಲಿ ಇದು ಉರುಳಲು ಭಾರದ ಹತ್ತನೆಯ ಒಂದು ಪಾಲು, ಅಂದರೆ 650 ಕಿ.ಗ್ರಾಂ. ಎಳೆತ ಬೇಕಾಗಬಹುದು.

ಈ ಎಳೆತ ನೆಲಕ್ಕೆ ಮುಟ್ಟುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳ ಮೂಲಕ. 2 ಟನ್ ಟ್ರ್ಯಾಕ್ಟರಿನಲ್ಲಿ ಆ ಚಕ್ರಗಳ ಮೇಲೆ ಸುಮಾರು 1300 ಕಿ.ಗ್ರಾಂ. ತೂಕವಿರುತ್ತದೆ. ಸಡಿಲವಾದ ಇಲ್ಲವೆ ಒದ್ದೆಯಾದ ನೆಲದಲ್ಲಿ ಟೈರಿನ ಹಿಡಿತ ಈ ತೂಕದ ಶೇಕಡ 40ರಷ್ಟು ಸಿಕ್ಕರೆ ಹೆಚ್ಚು. ಅಂದರೆ 520 ಕಿ.ಗ್ರಾಂ. ಬೇಕಾದುದು 650, ಸಿಗುವುದು 520. ಎಂಜಿನ್ 35 ಅಶ್ವಶಕ್ತಿಯದಾಗಲಿ 50 ಅಶ್ವಶಕ್ತಿಯದಾಗಲಿ, ಚಕ್ರ ಇದ್ದಲ್ಲೇ ತಿರುಗುತ್ತದೆ. ಕೇವಲ ಅಶ್ವಶಕ್ತಿಯನ್ನು ಕೇಳಿ ಟ್ರ್ಯಾಕ್ಟರ್ ಕೊಳ್ಳಬಾರದು ಎನ್ನುವುದು ಇದಕ್ಕಾಗಿಯೇ. ಟ್ರ್ಯಾಕ್ಟರಿನ ತೂಕ ಮತ್ತು ಹಿಂದಿನ ಟೈರುಗಳ ಸ್ಥಿತಿ ಅಷ್ಟೇ ಮುಖ್ಯ.

ಇಳಿಜಾರಿನ ಲೆಕ್ಕ

ಇದೇ ಜೋಡಿ 12 ಅಡಿಗೆ 1 ಅಡಿ ಇಳಿಯುವ ಡಾಂಬರು ರಸ್ತೆಯಲ್ಲಿ ಇಳಿಯುತ್ತಿದೆ ಎನ್ನೋಣ. ಟ್ರ್ಯಾಕ್ಟರ್, ಟ್ರೈಲರ್ ಎರಡೂ ಸೇರಿ 8.5 ಟನ್. ಇಳಿಜಾರು ಇದನ್ನು ಸುಮಾರು 710 ಕಿ.ಗ್ರಾಂ. ಬಲದಿಂದ ಕೆಳಕ್ಕೆ ನೂಕುತ್ತದೆ. ಚಕ್ರಗಳ ಉರುಳಿಕೆಯಲ್ಲಿ ಸುಮಾರು 170 ಕಳೆದರೂ 540 ಕಿ.ಗ್ರಾಂ. ಉಳಿಯುತ್ತದೆ. ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಇದಷ್ಟನ್ನೂ ಟ್ರ್ಯಾಕ್ಟರಿನ ಹಿಂಚಕ್ರಗಳೇ ತಡೆಯಬೇಕು. ಒಣಗಿದ ರಸ್ತೆಯಲ್ಲಿ ಹಿಡಿತ 900 ಕಿ.ಗ್ರಾಂ.ವರೆಗೆ ಸಿಗುವುದರಿಂದ ಗಾಡಿ ನಿಲ್ಲುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಹಿಡಿತ 520ಕ್ಕೆ ಇಳಿದರೆ ವೇಗ ಕಡಿಮೆ ಮಾಡುವುದಿರಲಿ, ಇರುವ ವೇಗವನ್ನು ಹಿಡಿದಿಡುವುದೂ ಆಗುವುದಿಲ್ಲ. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಚಕ್ರ ಕಟ್ಟಿಕೊಂಡು ಜಾರುತ್ತದೆ. ಹಿಂದಿನ ಟ್ರೈಲರ್ ಪಕ್ಕಕ್ಕೆ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ.

ಅದೇ ಟ್ರೈಲರಿಗೆ 5 ಟನ್ ಬದಲು 2.5 ಟನ್ ಹೇರಿದರೆ ತಡೆಯಬೇಕಾದ ಬಲ ಸುಮಾರು 380 ಕಿ.ಗ್ರಾಂ.ಗೆ ಇಳಿಯುತ್ತದೆ. ಆಗ ಒದ್ದೆ ರಸ್ತೆಯಲ್ಲಿಯೂ ಟ್ರ್ಯಾಕ್ಟರ್ ಹತೋಟಿಯಲ್ಲಿರುತ್ತದೆ. ಮಳೆಯ ದಿನ ಒಂದು ಗಾಡಿಯ ಮಾಲನ್ನು ಎರಡು ಸಲ ಒಯ್ಯುವುದು ನಷ್ಟವಲ್ಲ. ವೇಗದ ವಿಷಯವೂ ಹೀಗೆಯೇ. ಗಂಟೆಗೆ 15 ಕಿ.ಮೀ. ಇದ್ದ ವೇಗ 30 ಆದರೆ ಬ್ರೇಕು ಅರಗಿಸಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ.

ಟ್ರ್ಯಾಕ್ಟರಿನ ಪೂರ್ವ ಚರಿತ್ರೆ

ಟ್ರ್ಯಾಕ್ಟರ್ ಎಷ್ಟು ವರ್ಷದ್ದು ಎಂಬುದಕ್ಕಿಂತ ಎಂಥ ಕೆಲಸ ಮಾಡಿತ್ತು ಎಂಬುದನ್ನು ವಿಚಾರಿಸಬೇಕು. ಭತ್ತದ ಗದ್ದೆಯಲ್ಲಿ ಕೆಸರು ಮಾಡಿದ ಟ್ರ್ಯಾಕ್ಟರಿನಲ್ಲಿ ಹಿಂದಿನ ಅಚ್ಚು ಮತ್ತು ಮುಂಚಕ್ರದ ಆಯಿಲ್ ಸೀಲುಗಳು ಸವೆದಿರುವ ಸಂಭವ ಹೆಚ್ಚು. ಒಣ ತಟ್ಟೆಯ ಬ್ರೇಕ್ ಇದ್ದರೆ ಒಳಗೆ ಕೆಸರುನೀರು ಇಲ್ಲವೆ ಎಣ್ಣೆ ಸೇರಿ ಹಿಡಿತ ಕಳೆದಿರಬಹುದು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳಿಗೆ ಈ ತೊಂದರೆ ಕಡಿಮೆ. ಕಬ್ಬು, ಇಟ್ಟಿಗೆ, ಮರಳು ಸಾಗಿಸಿದ ಟ್ರ್ಯಾಕ್ಟರಿನಲ್ಲಿ ಕ್ಲಚ್, ಬ್ರೇಕ್ ಮತ್ತು ಕೊಂಡಿ ಸವೆದಿರುತ್ತವೆ.

ಖರ್ಚಿನ ಲೆಕ್ಕ ಹಾಕುವಾಗ ಟ್ರ್ಯಾಕ್ಟರಿನ ಆಯುಷ್ಯವನ್ನು ಸಾಮಾನ್ಯವಾಗಿ 10 ವರ್ಷ, ವರ್ಷಕ್ಕೆ 1000 ಗಂಟೆಯಂತೆ 10000 ಗಂಟೆ ಎಂದು ಹಿಡಿಯುತ್ತಾರೆ. ಗಂಟೆ ಮೀಟರನ್ನು ಮಾತ್ರ ನಂಬಬಾರದು; ಅದನ್ನು ಬದಲಿಸುವುದು ಸುಲಭ. ಮೀಟರ್ ಕಡಿಮೆ ತೋರಿಸಿ, ಕ್ಲಚ್ ಮತ್ತು ಬ್ರೇಕಿನ ಪೆಡಲುಗಳ ಗೀರು ಪೂರ್ತಿ ಸವೆದು ನುಣುಪಾಗಿದ್ದರೆ ಪೆಡಲಿನ ಮಾತನ್ನೇ ನಂಬಬೇಕು.

ನಿಂತಲ್ಲಿ ಮಾಡುವ ಪರೀಕ್ಷೆ

ಪರೀಕ್ಷೆಗೆ ಬೆಳಿಗ್ಗೆ ಹೋಗಬೇಕು. ಎಂಜಿನ್ ತಣ್ಣಗಿರಬೇಕು. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಕಾರಣ ಕೇಳಬೇಕು. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದರೆ ಆ ಕೂಲಿ ವ್ಯರ್ಥವಾಗದು.

1. ಎಂಜಿನ್ ಆಯಿಲ್: ಅಳತೆ ಕಡ್ಡಿ ತೆಗೆದು ನೋಡಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೂ ದೊಡ್ಡ ರಿಪೇರಿ ಕಾದಿದೆ.

2. ಹೊಗೆ: ಚಾಲೂ ಮಾಡಿದ ಮೊದಲ ಕ್ಷಣ ಸ್ವಲ್ಪ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಸತತ ಕಪ್ಪು ಹೊಗೆಗೆ ಗಾಳಿ ಶೋಧಕ ಕಟ್ಟಿರುವುದು ಇಲ್ಲವೆ ಡೀಸೆಲ್ ಪಂಪು, ನಾಜಲುಗಳ ದೋಷ ಕಾರಣವಿರಬಹುದು. ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ನೀರು ಒಳಗೆ ಸೋರುತ್ತಿದೆ.

3. ಕ್ಲಚ್: ಸಮತಟ್ಟು ನೆಲದಲ್ಲಿ ಕೈಬ್ರೇಕ್ ಬಿಗಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಎಂಜಿನ್ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ. ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಈ ಪರೀಕ್ಷೆ ಮಾಡುವಾಗ ಮುಂದೆ ಯಾರೂ ನಿಂತಿರಬಾರದು.

4. ಸ್ಟಿಯರಿಂಗ್ ಮತ್ತು ಮುಂದಿನ ಅಚ್ಚು: ಮುಂಚಕ್ರವನ್ನು ಜಾಕಿನಿಂದ ಎತ್ತಿ ಅಲುಗಾಡಿಸಿ ನೋಡಬೇಕು. ಚಕ್ರ ಲಟಲಟ ಎಂದರೆ ಬೇರಿಂಗ್ ಇಲ್ಲವೆ ಪಿನ್ನು, ಬುಷ್ಷುಗಳು ಸವೆದಿವೆ.

5. ಟೈರು: ಹಿಂದಿನ ಟೈರುಗಳ ಗುಬುಟು ಎಷ್ಟು ಉಳಿದಿದೆ, ಪಕ್ಕದಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಎರಡೂ ಹಿಂದಿನ ಟೈರು ಒಂದೇ ಅಳತೆಯವಾಗಿರಬೇಕು. ಜೋಡಿ ಟೈರಿನ ಬೆಲೆ ವಿಚಾರಿಸಿ ಅದನ್ನು ವ್ಯಾಪಾರದ ಬೆಲೆಯಲ್ಲಿ ಕಳೆದು ಮಾತನಾಡಬೇಕು.

6. ಕೊಂಡಿ: ಟ್ರೈಲರ್ ಕಟ್ಟುವ ಕೊಂಡಿಯ ತೂತು ಉದ್ದುದ್ದ ಸವೆದಿದೆಯೇ, ಬೆಸುಗೆ ಹಾಕಿದ ಗುರುತಿದೆಯೇ, ಹಿಂಬದಿಯ ಕವಚದಲ್ಲಿ ಬಿರುಕಿದೆಯೇ ಎಂದು ಒರೆಸಿ ನೋಡಬೇಕು. ಹೊಸ ಬಣ್ಣದ ಕೆಳಗೆ ಹಳೆಯ ಬೆಸುಗೆ ಅಡಗಿರುತ್ತದೆ.

ಓಡಿಸಿ ಮಾಡುವ ಪರೀಕ್ಷೆ

ಖಾಲಿ ಟ್ರ್ಯಾಕ್ಟರ್ ಓಡಿಸಿ ನೋಡಿದರೆ ಅರ್ಧ ಪರೀಕ್ಷೆಯಾದಂತೆ. ಉಳಿದರ್ಧಕ್ಕೆ ಭಾರ ಬೇಕು.

ಮೊದಲು ಟ್ರೈಲರ್ ಇಲ್ಲದೆ, ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಕ್ಕೆಯಿಂದ ಜೋಡಿಸಿ, ಗಟ್ಟಿ ಮಣ್ಣಿನ ಮೇಲೆ ಹದವಾದ ವೇಗದಲ್ಲಿ ಬ್ರೇಕ್ ಒತ್ತಬೇಕು. ಇಳಿದು ನೆಲದ ಮೇಲಿನ ಗುರುತು ನೋಡಬೇಕು. ಎರಡೂ ಚಕ್ರದ ಗುರುತು ಸಮನಾಗಿದ್ದರೆ ಬ್ರೇಕ್ ಸಮನಾಗಿದೆ. ಒಂದೇ ಕಡೆ ಹಿಡಿಯುತ್ತಿದ್ದರೆ ಭಾರ ಹೇರಿದಾಗ ಟ್ರ್ಯಾಕ್ಟರ್ ಆ ಕಡೆಗೆ ತಿರುಗಿ ಮಗುಚುವ ಅಪಾಯವಿದೆ. ಕೊಕ್ಕೆಯೇ ಇಲ್ಲದ ಅಥವಾ ಮುರಿದ ಟ್ರ್ಯಾಕ್ಟರನ್ನು ರಸ್ತೆಗೆ ತರಲೇಬಾರದು. ಹೊಲದಲ್ಲಿ ತಿರುವಿಗೆಂದು ಬಿಡಿಸಿದ ಪೆಡಲುಗಳನ್ನು ಜೋಡಿಸದೆ ರಸ್ತೆಗೆ ಬರುವುದು ಎಷ್ಟೋ ಅಪಘಾತಗಳಿಗೆ ದಾರಿ.

ಬ್ರೇಕ್ ಸರಿಯೆಂದು ಖಚಿತವಾದ ಮೇಲೆ ಅರ್ಧ ಭಾರದ ಟ್ರೈಲರ್ ಕಟ್ಟಿ ಒಂದು ಸಾಧಾರಣ ದಿಬ್ಬ ಹತ್ತಿಸಿ ಇಳಿಸಬೇಕು. ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಬರಬಾರದು. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಗೇರು ತಾನಾಗಿ ಕಳಚಿ ಬರಬಾರದು. ಗೇರು ಕಳಚುವ ಟ್ರ್ಯಾಕ್ಟರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ರಿಪೇರಿಯಾಗದೆ ಟ್ರೈಲರ್ ಕೆಲಸಕ್ಕೆ ಬೇಡ. ಇಳಿಜಾರಿನಲ್ಲಿ ನಿಲ್ಲಿಸಿ ಕೈಬ್ರೇಕ್ ಹಿಡಿಯುತ್ತದೆಯೇ ಎಂದೂ ನೋಡಬೇಕು. ಆಗ ಚಕ್ರಕ್ಕೆ ಕೊಡಲು ಒಬ್ಬರು ಕಲ್ಲು ಅಥವಾ ಮರದ ತುಂಡು ಹಿಡಿದು ಪಕ್ಕದಲ್ಲಿ ಸಿದ್ಧರಿರಬೇಕು. ಟ್ರೈಲರಿನ ಹಿಂದೆ ಮುಂದೆ ಯಾರೂ ಇರಬಾರದು.

ಟ್ರೈಲರ್ ಮತ್ತು ಜೋಡಣೆ

ಟ್ರೈಲರನ್ನು ಟ್ರ್ಯಾಕ್ಟರ್ ತಯಾರಕರು ಸೂಚಿಸಿದ ಕೊಂಡಿಗೇ ಕಟ್ಟಬೇಕು. ಅದಕ್ಕಿಂತ ಮೇಲೆ ಕಟ್ಟಿದರೆ ಏರಿನಲ್ಲಿ ಮುಂಚಕ್ರ ಮೇಲಕ್ಕೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೆ ಹಿಂದಕ್ಕೆ ಮಗುಚಬಹುದು. ಎರಡು ಚಕ್ರದ ಟ್ರೈಲರಿನಲ್ಲಿ ಹೇರಿದ ಭಾರದ ಒಂದು ಪಾಲು ಕೊಂಡಿಯ ಮೇಲೆ ಬೀಳುತ್ತದೆ. ಇದರಿಂದ ಹಿಂಚಕ್ರದ ಹಿಡಿತ ಹೆಚ್ಚುತ್ತದೆ, ಆದರೆ ಮುಂಚಕ್ರ ಹಗುರವಾಗುತ್ತದೆ. ಟ್ರ್ಯಾಕ್ಟರ್ ತೂಕದ ಕನಿಷ್ಠ ಐದನೆಯ ಒಂದು ಪಾಲಾದರೂ ಮುಂದಿನ ಅಚ್ಚಿನ ಮೇಲೆ ಉಳಿಯಬೇಕು. ಇಲ್ಲದಿದ್ದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕೊಂಡಿಯ ಪಿನ್ನಿಗೆ ಬೀಗದ ಕಡ್ಡಿಯಿರಬೇಕು, ಜೊತೆಗೆ ಸರಪಳಿ ಇರಬೇಕು.

ಸಾಧ್ಯವಿದ್ದಲ್ಲಿ ಬ್ರೇಕ್ ಇರುವ ಟ್ರೈಲರನ್ನೇ ಕೊಳ್ಳುವುದು ಒಳ್ಳೆಯದು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿ ಕಬ್ಬು ಸಾಗಿಸುವ ರೂಢಿಯನ್ನು ಮೇಲಿನ ಲೆಕ್ಕದ ಬೆಳಕಿನಲ್ಲಿ ನೋಡಬೇಕು. ಟ್ರೈಲರಿನ ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕಗಳು ಹೊರಚಾಚಿದ ಕಬ್ಬಿನ ಮರೆಯಲ್ಲಿ ಅಡಗದಂತೆ ಇರಬೇಕು.

ಹೊಲದ ಮಣ್ಣನ್ನೂ ನೆನೆಯಬೇಕು

ಭಾರದ ಟ್ರ್ಯಾಕ್ಟರ್ ರಸ್ತೆಗೆ ಒಳ್ಳೆಯದು, ಒದ್ದೆ ಹೊಲಕ್ಕೆ ಅಲ್ಲ. ಕಟಾವಿನ ಕಾಲದಲ್ಲಿ ತೇವವಿರುವ ಎರೆ ಭೂಮಿಗೆ ತುಂಬಿದ ಟ್ರೈಲರ್ ಇಳಿಸಿದರೆ ಮಣ್ಣು ಒತ್ತಿ ಗಟ್ಟಿಯಾಗಿ ನೀರು, ಗಾಳಿ ಆಡುವುದಿಲ್ಲ. ಚಕ್ರ ಹಾದ ಸಾಲಿನಲ್ಲಿ ಕೂಳೆ ಕಬ್ಬಿನ ಬುಡಗಳು ಜಜ್ಜಿ ಮೊಳಕೆ ಕುಂಠಿತವಾಗುತ್ತದೆ. ಕಟಾವಿಗೆ ಮುಂಚೆ ನೀರು ನಿಲ್ಲಿಸಿ ನೆಲ ಆರಲು ಬಿಡಬೇಕು. ಟ್ರೈಲರ್ ಓಡಾಟಕ್ಕೆ ಹೊಲದ ಅಂಚಿನಲ್ಲಿ ಒಂದೇ ದಾರಿ ಗೊತ್ತುಮಾಡಬೇಕು.

ದಾಖಲೆಗಳು

ನೋಂದಣಿ ಪತ್ರದಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಟ್ರ್ಯಾಕ್ಟರಿನ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಸ್ವತಃ ತಾಳೆ ನೋಡಬೇಕು. ಟ್ರೈಲರಿಗೆ ಪ್ರತ್ಯೇಕ ನೋಂದಣಿ ಇರುತ್ತದೆ, ಅದನ್ನೂ ಕೇಳಬೇಕು. ಬ್ಯಾಂಕ್ ಅಥವಾ ಸಹಕಾರಿ ಸಂಘದ ಸಾಲದ ನಮೂದು ಇದ್ದರೆ, ಸಾಲ ತೀರಿದ ಬಗ್ಗೆ ಪತ್ರ ಮತ್ತು ನಮೂನೆ 35 ಕೈಸೇರದೆ ಪೂರ್ತಿ ಹಣ ಕೊಡಬಾರದು.

ಮೋಟಾರು ವಾಹನ ಕಾಯ್ದೆ, 1988ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಬಳಕೆಯಲ್ಲಿವೆ. ಹೊರ ರಾಜ್ಯದ ಟ್ರ್ಯಾಕ್ಟರಾದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ನೋಂದಣಿಯ ಅವಧಿ 15 ವರ್ಷ. ಅನಂತರ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ಅರ್ಜಿ ಕೊಡಬೇಕು. ಬಾಂಡ್ ಕಾಗದದ ಮೇಲೆ ಬರೆದುಕೊಂಡ ಕರಾರು ಹೆಸರು ಬದಲಾವಣೆಗೆ ಸಮವಲ್ಲ.

ಟ್ರೈಲರ್ ಜನರಿಗಲ್ಲ

ಅನೇಕ ಹಳ್ಳಿಗಳಲ್ಲಿ ಟ್ರ್ಯಾಕ್ಟರೇ ಮನೆಯ ವಾಹನ. ಜಾತ್ರೆ, ಮದುವೆ, ದೇವರ ಕಾರ್ಯಗಳಿಗೆ ಹೆಂಗಸರು, ಮಕ್ಕಳು ಟ್ರೈಲರ್ ಏರುತ್ತಾರೆ. ಟ್ರೈಲರ್ ಸರಕಿಗಾಗಿ ಮಾಡಿದ್ದು. ತಿರುವಿನಲ್ಲಿ ಕಬ್ಬು ಬಿದ್ದರೆ ಮತ್ತೆ ಹೇರಬಹುದು. ಮಕ್ಕಳು ಬಿದ್ದರೆ ಏನು ಮಾಡುವುದು? ನಿಂತ ಜನರ ಭಾರ ಮೇಲಿರುವುದರಿಂದ ಮಗುಚುವುದೂ ಬೇಗ. ಹೀಗೆ ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದಾಗ ವಿಮಾ ಕಂಪನಿ ಹೊಣೆ ಒಪ್ಪದೆ ಪರಿಹಾರದ ಹೊರೆ ಮಾಲೀಕನ ಜಮೀನಿನ ಮೇಲೆ ಬೀಳಬಹುದು. ಮಡ್‌ಗಾರ್ಡ್ ಮೇಲೆ ಕೂರುವುದೂ ಇಷ್ಟೇ ಅಪಾಯಕರ. ಮನೆಯ ಮಂದಿಗೆ ಬಸ್ಸು ಇಲ್ಲವೆ ಬಾಡಿಗೆ ವಾಹನವೇ ಸರಿ.

ಗಮನದಲ್ಲಿಡಬೇಕಾದ ಅಂಶಗಳು

1. ಅಶ್ವಶಕ್ತಿಯ ಜೊತೆಗೆ ಟ್ರ್ಯಾಕ್ಟರಿನ ತೂಕ, ಟೈರು, ಬ್ರೇಕುಗಳನ್ನು ನೋಡಬೇಕು.
2. ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿಸಿ, ಭಾರ ಕಟ್ಟಿ ಓಡಿಸಿ ಪರೀಕ್ಷಿಸಬೇಕು.
3. ರಸ್ತೆಗೆ ಬರುವ ಮುನ್ನ ಎರಡೂ ಬ್ರೇಕ್ ಪೆಡಲುಗಳನ್ನು ಜೋಡಿಸಬೇಕು.
4. ಯಾವ ಗೇರಿನಲ್ಲಿ ಏರು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಾಗಲಿ ಕ್ಲಚ್ ಒತ್ತಿ ಇಳಿಯುವುದಾಗಲಿ ಕೂಡದು.
5. ಮಳೆಯಲ್ಲಿ ಭಾರವನ್ನು ಅರ್ಧಕ್ಕೆ ಇಳಿಸಬೇಕು.
6. ದಾಖಲೆ ಸರಿಯಾಗದೆ ಪೂರ್ತಿ ಹಣ ಕೊಡಬಾರದು.
7. ವರ್ಷದಲ್ಲಿ ಕೆಲವೇ ದಿನ ಸಾಗಾಣಿಕೆ ಇರುವ ಸಣ್ಣ ರೈತರು ಬಾಡಿಗೆಯ ಖರ್ಚನ್ನೂ ಸಾಲದ ಕಂತನ್ನೂ ಹೋಲಿಸಿ ನೋಡಿಯೇ ಕೊಳ್ಳುವ ತೀರ್ಮಾನ ಮಾಡಬೇಕು.

ಇಳಿಜಾರಿನಲ್ಲಿ ಎತ್ತುಗಳ ಕೊರಳ ಮೇಲೆ ಬಂಡಿಯ ಭಾರ ಬೀಳದಂತೆ ಗಾಲಿಗೆ ತಡೆ ಕೊಡುವುದನ್ನು ಹಿರಿಯರು ಅರಿತಿದ್ದರು. ಟ್ರ್ಯಾಕ್ಟರಿನ ವಿಷಯದಲ್ಲಿಯೂ ಅದೇ ಎಚ್ಚರ ಬೇಕು. ಒಂದು ಬೆಳಗಿನ ಪರೀಕ್ಷೆ ಮನೆಯ ಹಣವನ್ನೂ ಮನೆಯವರ ಪ್ರಾಣವನ್ನೂ ಉಳಿಸಬಲ್ಲದು.