ಹಲಗಲಿಯ ಮಕ್ಕಳನ್ನೂ ನೆನೆಯಿರಿ

ರಜೆಯಲ್ಲಿ ಮಕ್ಕಳನ್ನು ಬಾದಾಮಿಗೆ ಕರೆದೊಯ್ದರೆ, ಗುಹೆ ನೋಡಿ ಅಗಸ್ತ್ಯತೀರ್ಥದ ದಂಡೆಯಲ್ಲಿ ಕೂತಾಗ 642ರ ಕಥೆಯನ್ನೂ ಹೇಳಿ. ಪಲ್ಲವ ನರಸಿಂಹವರ್ಮ ಈ ಊರನ್ನು ಗೆದ್ದದ್ದನ್ನು ಇಲ್ಲಿನ ಬಂಡೆಶಾಸನವೇ ಸಾರುತ್ತದೆ. ಅರಸನ ಗೆಲುವು ಕಲ್ಲಿನಲ್ಲಿ ಉಳಿಯಿತು, ಊರ ಮಕ್ಕಳ ಸುದ್ದಿ ಉಳಿಯಲಿಲ್ಲ.

ಹಲಗಲಿ ನಮಗೆ ಇನ್ನೂ ಹತ್ತಿರದ್ದು. ಮುಧೋಳ ಸೀಮೆಯ ಈ ಊರಿನ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದರು. ಬ್ರಿಟಿಷ್ ದಂಡು ಊರಿಗೆ ಬೆಂಕಿಯಿಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಲಾವಣಿಕಾರರು ಅದನ್ನು ಹಾಡಿ ಉಳಿಸಿದರು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಬೇಡರ ಮುಂದಾಳುಗಳಾದ ಜಡಗ, ಬಾಲರ ಶೌರ್ಯವನ್ನು ಮಕ್ಕಳಿಗೆ ಹೇಳಿ, ಅದು ಹೇಳಲೇಬೇಕಾದದ್ದು. ಜೊತೆಗೆ, ಊರು ಉರಿದ ರಾತ್ರಿ ನಿಮ್ಮ ವಯಸ್ಸಿನ ಕೂಸುಗಳು ಎಲ್ಲಿ ಮಲಗಿರಬಹುದು, ಏನು ಉಂಡಿರಬಹುದು ಎಂದು ಅವರನ್ನೇ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.

ಸರಾಯೆವೊದಲ್ಲಿ 2017ರಲ್ಲಿ ತೆರೆದ ಯುದ್ಧಕಾಲದ ಬಾಲ್ಯದ ಮ್ಯೂಸಿಯಂ ಇಂಥದ್ದನ್ನೇ ಕೇಳುತ್ತದೆ. ಅಲ್ಲಿ ಆಟಿಕೆ, ಅಂಗಿ, ಡೈರಿಗಳ ಪಕ್ಕದಲ್ಲೇ ಅವುಗಳನ್ನು ಕಾಪಾಡಿಕೊಂಡವರ ನೆನಪುಗಳಿವೆ.

ಯುದ್ಧಕಾಲದ ಬಾಲ್ಯವನ್ನು ಸಿನಿಮಾದಲ್ಲಿ ತೋರಿಸುವುದಾದರೆ ಒಂದು ಎಚ್ಚರ. ಜಪಾನಿನ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (1988) ಕಾರ್ಟೂನಿನಂತೆ ಕಂಡರೂ ತೀರಾ ಸಣ್ಣವರ ಮುಂದೆ ಹಚ್ಚಬೇಡಿ. ಹಸಿವಿನಿಂದ ಸೊರಗುವ ಪುಟ್ಟ ತಂಗಿಯ ಕಥೆ ಅದು. ಹೈಸ್ಕೂಲಿನವರಾದರೆ ನೀವೂ ಜೊತೆಗೆ ಕೂತು ನೋಡಿ. ಮುಗಿದ ಮೇಲೆ ಅವರು ಮಾತಾಡುವವರೆಗೆ ಅಲ್ಲೇ ಇರಿ.